ನೀರನ್ನು ತೆಗೆಯದೆ ಪಾಯ ಕಟ್ಟಿದವರು: ವಿಂಚೆಸ್ಟರ್ ಕ್ಯಾಥೆಡ್ರಲ್ ಪ್ರಕರಣ

ಇಂಗ್ಲೆಂಡಿನ ವಿಂಚೆಸ್ಟರ್ ಕ್ಯಾಥೆಡ್ರಲ್‌ನ ಪೂರ್ವದ ತುದಿ 1905ರ ಹೊತ್ತಿಗೆ ಕುಸಿಯುವ ಸ್ಥಿತಿಗೆ ಬಂದಿತ್ತು. 1912ರಲ್ಲಿ ಅದೇ ಕಟ್ಟಡ ಗಟ್ಟಿಯಾಗಿ ನಿಂತಿತ್ತು. ನಡುವೆ ನಡೆದದ್ದನ್ನು ಸಾಮಾನ್ಯವಾಗಿ ಒಬ್ಬ ಡೈವರ್‌ನ ಸಾಹಸದ ಕತೆಯಾಗಿ ಹೇಳುತ್ತಾರೆ. ಸಾಹಸವೇನೋ ನಿಜ. ಆದರೆ ಕಟ್ಟಡ ಉಳಿದದ್ದು ಮುಖ್ಯವಾಗಿ ಒಂದು ತೀರ್ಮಾನದಿಂದ. ಪಾಯದ ಗುಂಡಿಯಲ್ಲಿ ತುಂಬಿಕೊಂಡ ನೀರನ್ನು ಸದ್ಯಕ್ಕೆ ಮುಟ್ಟುವುದು ಬೇಡ ಎಂಬ ತೀರ್ಮಾನ ಅದು. ಕೇಳಿದರೆ ಉಲ್ಟಾ ಅನ್ನಿಸುತ್ತದೆ, ಅಲ್ವಾ? ಅದು ಯಾಕೆ ಸರಿಯಾಯಿತು ಅನ್ನುವುದನ್ನು ಬಿಡಿಸಿ ನೋಡುವುದಕ್ಕೇ ಈ ಬರಹ.

ಇಷ್ಟು ದೊಡ್ಡ ಕಟ್ಟಡದ ಹೆಸರನ್ನು ಮುಚ್ಚಿಡಲು ಆಗದು. 1905ರ ಮುಂದಿನ ಕೆಲಸದಲ್ಲಿದ್ದವರನ್ನು ಮಾತ್ರ ಹೆಸರು ಹಿಡಿಯದೆ ಆರ್ಕಿಟೆಕ್ಟ್, ಇಂಜಿನಿಯರ್, ಡೈವರ್ ಎಂದೇ ಕರೆಯುತ್ತೇನೆ. ಯಾರು ಎಷ್ಟು ದೊಡ್ಡವರು ಅನ್ನುವುದಕ್ಕಿಂತ ಯಾವ ಹೊತ್ತಿನಲ್ಲಿ ಏನು ಮಾಡಿದರು ಅನ್ನುವುದು ನಮಗೆ ಬೇಕು.

ಕಟ್ಟಡದ ಹಿನ್ನೆಲೆ

ವಿಂಚೆಸ್ಟರ್ ಇರುವುದು ದಕ್ಷಿಣ ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ, ಇಚೆನ್ ನದಿಯ ಕಣಿವೆಯಲ್ಲಿ. ಕಣಿವೆಯ ತಳ ಎಂದರೆ ಜೌಗು ನೆಲ. ಈಗಿನ ಕ್ಯಾಥೆಡ್ರಲ್ ಶುರುವಾದದ್ದು 1079ರಲ್ಲಿ, ಬಿಷಪ್ ವಾಕೆಲಿನ್ ಕಾಲದಲ್ಲಿ. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದು ಆಗಿನ್ನೂ ಹೆಚ್ಚು ದಿನ ಆಗಿರಲಿಲ್ಲ. ಅವರ ಶೈಲಿ ದಪ್ಪ ಗೋಡೆ, ಅರ್ಧಚಂದ್ರದ ಕಮಾನು, ಭಾರೀ ಕಂಬಗಳದ್ದು. 1093ಕ್ಕೆ ಸನ್ಯಾಸಿಗಳು ಹೊಸ ಕಟ್ಟಡಕ್ಕೆ ಬಂದರು.

ಪಾಯದ ತೊಂದರೆ ಆಗಲೇ ತಲೆ ಹಾಕಿತ್ತು ಅನ್ನಿಸುತ್ತದೆ. 1100ರಲ್ಲಿ ಬೇಟೆಯಲ್ಲಿ ಸತ್ತ ರಾಜ ಎರಡನೇ ವಿಲಿಯಂನನ್ನು ನಡುಗೋಪುರದ ಕೆಳಗೆ ಹೂತರು. 1107ರಲ್ಲಿ ಆ ಗೋಪುರ ಬಿದ್ದೇಹೋಯಿತು. ಅಂಥ ಪಾಪಿ ರಾಜನನ್ನು ಅಡಿಯಲ್ಲಿ ಹೂತದ್ದೇ ಕಾರಣ ಎಂದು ಜನ ಮಾತಾಡಿಕೊಂಡರು. ಗೋಪುರವನ್ನು ಮತ್ತೆ ಕಟ್ಟಿದ ಮೇಸ್ತ್ರಿಗಳು ಆ ಮಾತನ್ನು ಅಷ್ಟಾಗಿ ನಂಬಿದಂತೆ ಕಾಣುವುದಿಲ್ಲ. ಈ ಸಲ ಅವರು ಕೆಳಗಿನ ಕಂಬಗಳನ್ನು ಹಿಂದಿಗಿಂತ ಎಷ್ಟೋ ದಪ್ಪಗೆ ಕಟ್ಟಿದರು. ಆ ಕಂಬಗಳು ಇವತ್ತಿಗೂ ಅಲ್ಲಿವೆ, ನೋಡಿದರೆ ಅತಿಯಾಯಿತು ಅನ್ನಿಸುವಷ್ಟು ದಪ್ಪ.

ಚೂಪು ಕಮಾನುಗಳ ಗಾಥಿಕ್ ಶೈಲಿ ಇಲ್ಲಿಗೆ ಬಂದದ್ದು ಬೇರೆ ಬೇರೆ ಅಲೆಗಳಲ್ಲಿ. ಕಣ್ಣಿಗೆ ಹೆಚ್ಚು ಬೀಳುವುದು ಉದ್ದನೆಯ ನಡುಹಜಾರ, ಅಂದರೆ ನೇವ್. 14ನೇ ಶತಮಾನದಲ್ಲಿ ಬಿಷಪ್ ಎಡಿಂಗ್ಟನ್ ಅದರ ಕೆಲಸ ಆರಂಭಿಸಿದರು. ಆಮೇಲೆ ವಿಕಮ್‌ನ ವಿಲಿಯಂ ಎಂಬ ಬಿಷಪ್, ವಿಲಿಯಂ ವಿನ್‌ಫರ್ಡ್ ಎಂಬ ಹೆಸರಾಂತ ಮೇಸ್ತ್ರಿಯ ಕೈಯಲ್ಲಿ ಅದನ್ನು ಮುಂದುವರಿಸಿದರು. ಹಳೆಯ ನಾರ್ಮನ್ ಕಂಬಗಳನ್ನು ಅವರು ಪೂರ್ತಿ ಕೆಡವಲಿಲ್ಲ. ಕೆತ್ತಿ, ಹೊಸ ಕಲ್ಲು ಹೊದಿಸಿ ಗಾಥಿಕ್ ಮಾಡಿಬಿಟ್ಟರು. ಇವತ್ತು ನಾವು ನೋಡುವ ನಯವಾದ ಕಂಬಗಳ ಹೊಟ್ಟೆಯೊಳಗೆ 11ನೇ ಶತಮಾನದ ಕಲ್ಲು ಹಾಗೇ ಇದೆ. ಕಟ್ಟಡದ ಒಟ್ಟು ಉದ್ದ ಸುಮಾರು 170 ಮೀಟರ್. ಇವತ್ತಿಗೆ ಉಳಿದಿರುವ ಮಧ್ಯಯುಗದ ಕ್ಯಾಥೆಡ್ರಲ್‌ಗಳಲ್ಲಿ ಇದಕ್ಕಿಂತ ಉದ್ದದ್ದಿಲ್ಲ.

ನಮ್ಮ ಪ್ರಕರಣಕ್ಕೆ ಬೇಕಾದದ್ದು ಇನ್ನೊಂದು ತುದಿ. 1200ರ ಆಸುಪಾಸಿನಲ್ಲಿ ಬಿಷಪ್ ಗಾಡ್‌ಫ್ರೇ ಡಿ ಲೂಸಿ ಕಟ್ಟಡವನ್ನು ಪೂರ್ವಕ್ಕೆ ಬೆಳೆಸಿದರು. ಹಿಂದೆ ಇಲ್ಲಿ ಬಿಷಪ್ ಆಗಿದ್ದ ಸಂತ ಸ್ವಿದಿನ್‌ರ ಹೆಸರಿನಲ್ಲಿ ಬರುವ ಯಾತ್ರಿಕರು ಜಾಸ್ತಿಯಾಗಿದ್ದರು, ಅವರು ಓಡಾಡುವುದಕ್ಕೆ ಜಾಗ ಬೇಕಿತ್ತು. ಆಗ ಎದ್ದದ್ದು ರೆಟ್ರೊಕ್ವಾಯರ್, ಅಂದರೆ ಮುಖ್ಯ ಪೂಜಾಪೀಠದ ಹಿಂದಿನ ಭಾಗ. ಇಂಗ್ಲೆಂಡಿನ ಆರಂಭದ ಗಾಥಿಕ್‌ಗೆ ಇದು ಒಳ್ಳೆಯ ಉದಾಹರಣೆ. ಚೂಪಾದ ಸಪೂರ ಕಿಟಕಿಗಳು, ತೆಳ್ಳನೆಯ ಪರ್ಬೆಕ್ ಕಲ್ಲಿನ ಕಂಬಗಳು, ಚಿತ್ರವಿರುವ ನೆಲದ ಹೆಂಚುಗಳು. ಎಲ್ಲವೂ ಹಗುರವಾಗಿ ಕಾಣುತ್ತದೆ.

ಕಾಣುವುದಷ್ಟೇ ಹಗುರ. ಕಲ್ಲಿನ ಕಮಾನು ಛಾವಣಿ ಕೆಳಕ್ಕೆ ಒತ್ತುವುದರ ಜೊತೆಗೆ ಗೋಡೆಯನ್ನು ಹೊರಕ್ಕೂ ತಳ್ಳುತ್ತದೆ. ಚೂಪು ಕಮಾನು ಬಂದಾಗ ಈ ಹೊರತಳ್ಳು ಕಡಿಮೆಯಾಯಿತು, ಇಲ್ಲವಾಗಲಿಲ್ಲ. ಗೋಡೆ ಅದನ್ನು ತಡೆಯಬೇಕಾದರೆ ಅದರ ಪಾಯ ಅಲ್ಲಾಡಬಾರದು. ಬುಡದಲ್ಲಿ ಗೋಡೆ ಸ್ವಲ್ಪ ಹೊರಕ್ಕೆ ವಾಲಿದರೂ ಮೇಲೆ ಕಮಾನಿನ ಎರಡು ಕಾಲು ದೂರ ಸರಿಯುತ್ತವೆ, ನಡುವೆ ಬಿರುಕು ಬಿಡುತ್ತದೆ.

ಡಿ ಲೂಸಿಯ ಮೇಸ್ತ್ರಿಗಳಿಗೆ ಜೌಗು ನೆಲದ ಅರಿವು ಇರಲಿಲ್ಲ ಎಂದುಕೊಳ್ಳಬೇಡಿ. ಪಕ್ಕದ ನಾರ್ಮನ್ ನೆಲಮಾಳಿಗೆಯಲ್ಲೇ ಒಂದು ಬಾವಿಯಿದೆ. ಆ ನೆಲಮಾಳಿಗೆಗೆ ಮಳೆಗಾಲ, ಚಳಿಗಾಲದಲ್ಲಿ ನೀರು ನುಗ್ಗುತ್ತಿತ್ತು. ಅವರು ತಮಗೆ ತಿಳಿದ ಉಪಾಯ ಮಾಡಿದರು. ಬೀಚ್ ಮರದ ದಿಮ್ಮಿಗಳನ್ನು ಅಡ್ಡಡ್ಡ ಹಾಸಿ, ಆ ಹಾಸಿನ ಮೇಲೆ ಕಲ್ಲಿನ ಪಾಯ ಎಬ್ಬಿಸಿದರು. ಸದಾ ನೀರಿನಲ್ಲೇ ಮುಳುಗಿರುವ ಮರ ಬೇಗ ಕೊಳೆಯುವುದಿಲ್ಲ. ಹಾಗಾಗಿ ಅದು ದಡ್ಡ ಕೆಲಸವೇನಲ್ಲ. ದಿಮ್ಮಿಯ ಕೆಳಗೆ ಏನಿದೆ ಅನ್ನುವುದರಲ್ಲಿ ಎಡವಟ್ಟಾಯಿತು.

ಸಮಸ್ಯೆ ಕಂಡ ರೀತಿ

ಪೂರ್ವದ ಭಾಗ ವಾಲಿರುವುದು ಬಹಳ ಹಿಂದಿನಿಂದ ಕಾಣುತ್ತಿತ್ತು. ಶತಮಾನಗಟ್ಟಲೆ ನಿಧಾನಕ್ಕೆ ಆಗುವ ವಾಲಾಟಕ್ಕೆ ಕಣ್ಣು ಒಗ್ಗಿಹೋಗುತ್ತದೆ. ಬಿರುಕಿಗೆ ಆಗಾಗ ಗಾರೆ ಮೆತ್ತಿದರೆ ಮುಗಿಯಿತು, ಇನ್ನೊಂದು ತಲೆಮಾರಿನವರೆಗೆ ಚಿಂತೆಯಿಲ್ಲ.

20ನೇ ಶತಮಾನದ ಆರಂಭದಲ್ಲಿ ಹಾಗೆ ಇರಲು ಆಗಲಿಲ್ಲ. ಗೋಡೆ ಮತ್ತು ಕಮಾನುಗಳ ಬಿರುಕು ಅಗಲವಾಗುತ್ತ ಹೋಯಿತು. ಕೆಲವು ಬಿರುಕುಗಳಲ್ಲಿ ಗೂಬೆಗಳು ಕೂರುವಷ್ಟು ಜಾಗವಿತ್ತಂತೆ. ಮೇಲಿನಿಂದ ಕಲ್ಲಿನ ಚೂರು ಉದುರತೊಡಗಿತು. ಆಡಳಿತದವರು ಆರ್ಕಿಟೆಕ್ಟನ್ನು ಕರೆಸಿದರು.

ಇಲ್ಲಿ ಮೊದಲ ತಿರುವು. ಬಿರುಕು ಮೇಲಿದೆ, ಆದ್ದರಿಂದ ಮೇಲಿನದ್ದನ್ನೇ ರಿಪೇರಿ ಮಾಡೋಣ ಅನ್ನುವುದು ಸುಲಭದ ದಾರಿ. ದುಡ್ಡೂ ಕಡಿಮೆ ಸಾಕು. ಆರ್ಕಿಟೆಕ್ಟ್ ಮೊದಲು ಗೋಡೆಯ ಬದಿಯಲ್ಲಿ ಒಂದು ಪರೀಕ್ಷೆಯ ಗುಂಡಿ ತೋಡಿಸಿದರು. ಹಳೆಯ ಕಲ್ಲಿನ ಪಾಯ, ಅದರಡಿ ಬೀಚ್ ದಿಮ್ಮಿಗಳು, ಅದರಡಿ ಸುಣ್ಣ ಬೆರೆತ ಜೇಡಿ. ಅದರ ಕೆಳಗೆ ಪೀಟ್, ಅಂದರೆ ಸಾವಿರಾರು ವರ್ಷ ಗಿಡಗಂಟಿ ಅರೆಕೊಳೆತು ಸೇರಿಕೊಂಡ ಮೆತ್ತನೆಯ ಕಪ್ಪು ಪದರ. ಅದಕ್ಕೂ ಕೆಳಗೆ ಗಟ್ಟಿ ಜಲ್ಲಿಕಲ್ಲಿನ ಪದರ.

ಇಷ್ಟು ಕಂಡ ಮೇಲೆ ಕಾರಣ ಹುಡುಕುವ ಕೆಲಸ ಮುಗಿಯಿತು. ನೆನೆದ ಹಾಸಿಗೆಯ ಮೇಲೆ ಕಬ್ಬಿಣದ ಬೀರು ನಿಲ್ಲಿಸಿದ ಹಾಗಿತ್ತು ಪರಿಸ್ಥಿತಿ. ಪೀಟ್ ಭಾರಕ್ಕೆ ಅಮುಕಿಕೊಳ್ಳುತ್ತದೆ, ಅದೂ ಎಲ್ಲ ಕಡೆ ಒಂದೇ ಸಮನೆ ಅಲ್ಲ. ಪಾಯ ಜಲ್ಲಿಯವರೆಗೆ ಇಳಿಯಬೇಕಿತ್ತು, ಪೀಟ್‌ನ ಮೇಲೇ ನಿಂತುಬಿಟ್ಟಿತ್ತು. ಪರಿಹಾರವೂ ಕಾಗದದ ಮೇಲೆ ಸರಳ: ಗೋಡೆಯ ಅಡಿಯಿಂದ ಪೀಟ್ ತೆಗೆದು, ಜಲ್ಲಿಯಿಂದ ಹಳೆಯ ಪಾಯದವರೆಗೆ ಹೊಸ ಪಾಯ ಕಟ್ಟುವುದು.

ಮೊದಲ ಪ್ರಯತ್ನ, ಮತ್ತು ಅದು ನಿಂತದ್ದು

ಇಂಥ ಕೆಲಸಕ್ಕೆ ಅನುಭವಿ ಇಂಜಿನಿಯರ್ ಒಬ್ಬರು ಬಂದರು. ಅವರು ಮೊದಲು ಕೆಳಗಿನದ್ದಕ್ಕೆ ಕೈ ಹಾಕಲಿಲ್ಲ, ಮೇಲಿನದ್ದನ್ನು ಹಿಡಿದು ನಿಲ್ಲಿಸಿದರು. ಹೊರಗೋಡೆಗಳಿಗೆ ದಪ್ಪ ಮರದ ತೊಲೆಗಳ ಆಸರೆ ಕೊಟ್ಟರು. ಕಮಾನುಗಳ ಕೆಳಗೆ ಮರದ ಚೌಕಟ್ಟು ನಿಲ್ಲಿಸಿದರು. ಬಿರುಕುಗಳೊಳಗೆ ತೆಳ್ಳಗೆ ಕಲಸಿದ ಸಿಮೆಂಟನ್ನು ಯಂತ್ರದ ಒತ್ತಡದಿಂದ ತುಂಬಿದರು. ಹಳೆಯ ಗೋಡೆಯ ಎರಡು ಮುಖದ ನಡುವೆ ಇದ್ದದ್ದು ಸಡಿಲ ಕಲ್ಲು, ಪುಡಿಯಾದ ಗಾರೆ. ಅದನ್ನು ಒಂದಾಗಿಸದೆ ಅಡಿಯಲ್ಲಿ ಅಗೆದಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಕತೆ ಹೇಳುವವರು ಈ ಭಾಗವನ್ನು ಸುಮ್ನೆ ದಾಟಿಹೋಗುತ್ತಾರೆ. ನನ್ನ ಪ್ರಕಾರ ಈ ಕ್ರಮ ತಪ್ಪಿದ್ದರೆ ಮುಂದಿನ ಯಾವ ಜಾಣತನವೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ಆಮೇಲೆ ಅಗೆತ. ಉದ್ದಕ್ಕೂ ಕಾಲುವೆ ತೋಡುವಂತಿರಲಿಲ್ಲ. ಗೋಡೆಯ ಒಂದು ಸಣ್ಣ ತುಂಡಿನ ಅಡಿ ಮಾತ್ರ ಅಗೆಯಬೇಕು. ಆ ಹೊತ್ತಿಗೆ ಅಕ್ಕಪಕ್ಕದ ನೆಲ ಭಾರ ಹೊತ್ತಿರುತ್ತದೆ.

ಪೀಟ್ ಪದರ ತೆಳ್ಳಗಾಗುತ್ತಿದ್ದಂತೆ ನೀರು ನುಗ್ಗಿತು. ಮೇಲಿನಿಂದ ಜಿನುಗಿದ ನೀರಲ್ಲ ಅದು, ಕೆಳಗಿನ ಜಲ್ಲಿಯಿಂದ ಒತ್ತಿಕೊಂಡು ಬಂದ ಒರತೆ. ಅಷ್ಟು ಕಾಲ ಪೀಟ್ ಅದರ ಮೇಲೆ ಮುಚ್ಚಳದ ಕೆಲಸ ಮಾಡುತ್ತಿತ್ತು. ಮುಚ್ಚಳ ತೆಗೆದರೆ ನೀರು ಬರದೆ ಇರುತ್ತದೆಯೇ?

ಎಲ್ಲರೂ ಮಾಡುವುದನ್ನೇ ಇವರೂ ಮಾಡಿದರು, ಪಂಪ್ ತಂದರು. ಆಗ ಎರಡು ವಿಷಯ ಗೊತ್ತಾಯಿತು. ಒಂದು, ನೀರು ಬರುವ ವೇಗಕ್ಕೆ ಪಂಪ್ ಸಾಕಾಗುತ್ತಿರಲಿಲ್ಲ. ಇಷ್ಟೇ ಆಗಿದ್ದರೆ ಇನ್ನೂ ದೊಡ್ಡ ಪಂಪ್ ತರಬಹುದಿತ್ತು. ಎರಡನೆಯದು ಅಪಾಯದ್ದು. ಹೊರಬರುವ ನೀರಿನ ಜೊತೆ ನಯವಾದ ಮರಳು, ಮಣ್ಣೂ ಹೊರಬರುತ್ತದೆ. ಆ ಮಣ್ಣು ಬರುವುದು ಎಲ್ಲಿಂದ? ಇನ್ನೂ ಮುಟ್ಟದ ಪಕ್ಕದ ಗೋಡೆಯ ಅಡಿಯಿಂದ. ಗುಂಡಿ ಒಣಗಿಸುವ ಒಂದೊಂದು ಗಂಟೆಯೂ ಕ್ಯಾಥೆಡ್ರಲ್‌ನ ಬುಡವನ್ನು ಬಕೆಟ್‌ಗಳಲ್ಲಿ ಹೊರಗೆ ಸುರಿದಂತೆಯೇ ಆಗುತ್ತಿತ್ತು. ಪಂಪ್ ದೊಡ್ಡದಾದಷ್ಟೂ ಹಾನಿ ಜಾಸ್ತಿ.

ಇಂಜಿನಿಯರ್ ಪಂಪ್ ನಿಲ್ಲಿಸಿದರು.

ಇದನ್ನೇ ನಾನು ಪ್ರಕರಣದ ನಡುಗಂಬ ಅನ್ನುವುದು. ಹಣ ಸುರಿದು ಶುರು ಮಾಡಿದ ಕೆಲಸ. ನೋಡುವವರ ಕಣ್ಣಿಗೆ ಗುಂಡಿಯಲ್ಲಿ ನೀರಿದೆ, ಪಂಪ್ ಸುಮ್ಮನಿದೆ, ಗೋಡೆ ಬೀಳುವ ಹಾಗಿದೆ. ಆ ಸ್ಥಿತಿಯಲ್ಲಿ ಇನ್ನೊಂದು ಪಂಪ್ ಬಾಡಿಗೆಗೆ ತರುವುದು ಎಷ್ಟು ಸುಲಭವಾಗಿತ್ತು ಯೋಚಿಸಿ. ಕೆಲಸ ಆಗುತ್ತಿದೆ ಎಂದು ತೋರುತ್ತಿತ್ತು, ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ.

ನೀರಿನೊಳಗೇ ಕೆಲಸ

ಪಂಪ್ ನಿಂತಾಗ ಗುಂಡಿಯ ನೀರು ಸುತ್ತಲಿನ ನೆಲದ ನೀರಿನ ಮಟ್ಟಕ್ಕೆ ಏರಿ ನಿಲ್ಲುತ್ತದೆ. ಒಳಗೂ ಹೊರಗೂ ಒಂದೇ ಒತ್ತಡ. ನೀರು ಹರಿಯುವುದಿಲ್ಲ, ಹರಿಯದ ಮೇಲೆ ಮಣ್ಣೂ ಕದಲುವುದಿಲ್ಲ. ಅಂದರೆ ತುಂಬಿದ ಗುಂಡಿಯೇ ಅತ್ಯಂತ ಸುರಕ್ಷಿತ ಗುಂಡಿ. ಉಳಿದ ತೊಡಕು ಒಂದೇ, ಅದರ ತಳಕ್ಕೆ ಇಳಿದು ಕೆಲಸ ಮಾಡುವುದು ಹೇಗೆ? ಬಂದರುಗಳಲ್ಲಿ, ಸುರಂಗಗಳಲ್ಲಿ ನೀರೊಳಗೆ ಕೆಲಸ ಮಾಡುವ ಡೈವರ್‌ಗಳು ಆಗ ಇದ್ದರು. ಅಂಥವರನ್ನು ಒಂದು ಪುರಾತನ ಚರ್ಚಿನ ಗೋಡೆಯ ಅಡಿಗೆ ಇಳಿಸಬಹುದು ಅನ್ನುವುದು ಹೊಸ ಯೋಚನೆ. 1906ರಲ್ಲಿ ಆ ಕೆಲಸ ಶುರುವಾಯಿತು.

ಹೆಜ್ಜೆಗಳು ಹೀಗಿದ್ದವು. ನೀರು ಸಿಗುವವರೆಗೆ ಸಾಮಾನ್ಯ ಕೂಲಿಗಳು ಅಗೆದು, ಗುಂಡಿಯ ಬದಿಗಳಿಗೆ ಹಲಗೆ ಕೊಡುತ್ತಿದ್ದರು. ಆಮೇಲೆ ಡೈವರ್ ಇಳಿದು ಉಳಿದ ಪೀಟನ್ನು ಜಲ್ಲಿ ಸಿಗುವವರೆಗೆ ತೆಗೆಯುತ್ತಿದ್ದ. ಜಲ್ಲಿಯ ಮೇಲೆ ಕಾಂಕ್ರೀಟ್ ತುಂಬಿದ ಚೀಲಗಳನ್ನು ಸಾಲಾಗಿ ಒತ್ತಿ ಜೋಡಿಸಿ, ಚೀಲ ಸೀಳಿ, ಅದರ ಮೇಲೆ ಇನ್ನೊಂದು ಸಾಲು ಇಡುತ್ತಿದ್ದ. ಸಿಮೆಂಟ್ ಒಣಗಿದರೇ ಗಟ್ಟಿಯಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಗಟ್ಟಿಯಾಗುವುದು ನೀರಿನ ಜೊತೆ ರಾಸಾಯನಿಕವಾಗಿ ಸೇರಿದಾಗ. ನೀರೊಳಗೂ ಅದು ಚೆನ್ನಾಗಿಯೇ ಬಿಗಿಯುತ್ತದೆ. ಪದರಗಳು ಬಿಗಿದ ಮೇಲೆ ಕೆಳಗಿನ ಒರತೆಗೆ ಹೊಸ ಮುಚ್ಚಳ ಸಿಕ್ಕಂತಾಯಿತು, ಪೀಟ್‌ಗಿಂತ ಎಷ್ಟೋ ಗಟ್ಟಿ.

ಈಗ ಪಂಪ್ ಓಡಿಸಿದರು. ಅದೇ ಪಂಪ್, ಅದೇ ಗುಂಡಿ. ತಳ ಮುಚ್ಚಿರುವುದರಿಂದ ಈ ಸಲ ಮಣ್ಣು ಬರಲಿಲ್ಲ. ಒಣಗಿದ ಗುಂಡಿಗೆ ಗಾರೆಯವರು ಇಳಿದು ಕಾಂಕ್ರೀಟ್ ಬ್ಲಾಕ್ ಮತ್ತು ಇಟ್ಟಿಗೆಯಿಂದ ಹಳೆಯ ಪಾಯದ ಅಡಿಯವರೆಗೆ ಬಿಗಿಯಾಗಿ ಕಟ್ಟಿದರು. ಒಂದು ಗುಂಡಿ ಮುಗಿದರೆ ಮುಂದಿನದು, ಅದೂ ಪಕ್ಕದ್ದಲ್ಲ, ಸ್ವಲ್ಪ ದೂರದ್ದು.

ಡೈವರ್‌ನ ದಿನ ಹೇಗಿರುತ್ತಿತ್ತು ಎಂದು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆಳ ಕೆಲವೆಡೆ 6 ಮೀಟರ್. ಪೀಟ್ ಕದಡಿದ ನೀರು ಮಸಿಯಷ್ಟು ಕಪ್ಪು, ದೀಪ ಹಿಡಿದರೂ ಪ್ರಯೋಜನವಿಲ್ಲ. ಎಲ್ಲವನ್ನೂ ಕೈಯಿಂದ ತಡವಿಯೇ ಮಾಡಬೇಕು. ದಿನಕ್ಕೆ ಸುಮಾರು 6 ಗಂಟೆ ಕೆಳಗೆ. ತಾಮ್ರದ ಹೆಲ್ಮೆಟ್, ಸೀಸದ ತೂಕ ಸೇರಿ ಉಡುಪು ಎಷ್ಟು ಭಾರ, ತೊಡಲು ಬಿಚ್ಚಲು ಎಷ್ಟು ಹೊತ್ತು ಎಂದರೆ ಊಟದ ವಿರಾಮದಲ್ಲಿ ಅವನು ಹೆಲ್ಮೆಟ್ ಮಾತ್ರ ತೆಗೆದು, ಉಂಡು, ಪೈಪ್ ಸೇದಿ, ಮತ್ತೆ ಇಳಿಯುತ್ತಿದ್ದ. ಹೀಗೆ 1911ರವರೆಗೆ.

ಇವನ ಕೆಲಸ ಎಷ್ಟು ಹೆಚ್ಚಿನದೋ ಅಷ್ಟೇ ಮುಖ್ಯವಾದದ್ದು ಮೇಲೆ ನಿಂತವರದ್ದು. ಗಾಳಿಯ ಪಂಪ್ ತಿರುಗಿಸುವ ಸಹಾಯಕರು ಕೈ ಬಿಟ್ಟರೆ ಕೆಳಗಿದ್ದವನ ಕತೆ ಮುಗಿಯಿತು. ಅಗೆಯುವವರು, ಬಡಗಿಗಳು, ಗಾರೆಯವರು ಎಲ್ಲ ಸೇರಿ ನೂರಕ್ಕೂ ಹೆಚ್ಚು ಜನ. 

ಕೆಲಸ ಬೆಳೆದದ್ದು

ಆರಂಭದಲ್ಲಿ ಚಿಂತೆ ಇದ್ದದ್ದು ಪೂರ್ವದ ತುದಿಯದ್ದು. ಅಲ್ಲಿ ಅಗೆದು ನೋಡಿದ ಮೇಲೆ ಉಳಿದ ಭಾಗಗಳ ಮೇಲೂ ಅನುಮಾನ ಬಂತು. ನೋಡಿದರೆ ಅಲ್ಲೂ ಇದೇ ಹಣೆಬರಹ. ಹಳೆಯ ಕಟ್ಟಡ ರಿಪೇರಿ ಮಾಡಿಸಿದವರಿಗೆ ಇದು ಹೊಸ ಸುದ್ದಿಯಲ್ಲ. ಅಂದಾಜು ಪಟ್ಟಿ ಬೆಳೆಯುತ್ತ ಹೋಗುತ್ತದೆ, ಚಂದಾ ಎತ್ತುವವರ ಚಪ್ಪಲಿ ಸವೆಯುತ್ತದೆ.

ನೇವ್‌ನ ದಕ್ಷಿಣ ಗೋಡೆಯ ಕತೆ ಸ್ವಲ್ಪ ಬೇರೆ. ಅಲ್ಲಿ ಹಿಂದೆ ಮಠದ ಮೊಗಸಾಲೆ ಇತ್ತು. ಗೋಡೆಗೆ ಅದೂ ಒಂದು ಆಸರೆಯಾಗಿತ್ತು. 16ನೇ ಶತಮಾನದಲ್ಲಿ, ಮಠಗಳನ್ನು ಮುಚ್ಚಿದ ನಂತರದ ವರ್ಷಗಳಲ್ಲಿ, ಅದನ್ನು ಕೆಡವಿಹಾಕಿದರು. ಕಲ್ಲು, ಸೀಸ ಮಾರಿ ದುಡ್ಡು ಬರುವ ಕಾಲ ಅದು. ಆಗ ಗೋಡೆ ಬೀಳಲಿಲ್ಲ, ಹಾಗಾಗಿ ಯಾರಿಗೂ ಏನೂ ಅನ್ನಿಸಲಿಲ್ಲ. ಅದರ ಲೆಕ್ಕ ಚುಕ್ತಾ ಮಾಡಬೇಕಾಗಿ ಬಂದದ್ದು ಮೂರು ಶತಮಾನ ದಾಟಿದ ಮೇಲೆ. ಪಾಯದ ಜೊತೆ ಈ ಗೋಡೆಗೆ ಹೊರಗಿನಿಂದ ಕಲ್ಲಿನ ಬಟ್ರೆಸ್ ಸಾಲು, ಅಂದರೆ ಗೋಡೆ ಹೊರಕ್ಕೆ ವಾಲದಂತೆ ತಡೆಯುವ ಆನಿಕೆಗಳು, ಕಟ್ಟಬೇಕಾಯಿತು. ದಕ್ಷಿಣದಿಂದ ನೋಡಿದರೆ ಕಾಣುವ ಆ ದೊಡ್ಡ ಆನಿಕೆಗಳು ಮಧ್ಯಯುಗದವು ಎಂದು ಎಷ್ಟೋ ಪ್ರವಾಸಿಗರು ಅಂದುಕೊಳ್ಳುತ್ತಾರೆ. ಅವು 20ನೇ ಶತಮಾನದವು.

ಫಲಿತಾಂಶ

ಕೊನೆಗೆ ಡೈವರ್ ಹೆಸರಿಗೆ ಬಂದ ಲೆಕ್ಕ: 235 ಗುಂಡಿಗಳು, 25,800 ಚೀಲ ಕಾಂಕ್ರೀಟ್, 1,14,900 ಕಾಂಕ್ರೀಟ್ ಬ್ಲಾಕ್, 9 ಲಕ್ಷ ಇಟ್ಟಿಗೆ. 1912ರ ಜುಲೈ 15ರಂದು, ಸಂತ ಸ್ವಿದಿನ್‌ರ ದಿನ, ರಾಜ ಐದನೇ ಜಾರ್ಜ್ ಮತ್ತು ರಾಣಿ ಮೇರಿ ಬಂದು ಕೃತಜ್ಞತೆಯ ಪ್ರಾರ್ಥನೆ ನಡೆಯಿತು. ಡೈವರ್‌ಗೆ ರಾಜಮರ್ಯಾದೆಯ ಪದಕ ಸಿಕ್ಕಿತು. 1918ರ ದೊಡ್ಡ ಫ್ಲೂನಲ್ಲಿ ಅವನು ತೀರಿಕೊಂಡ.

ಒಂದು ತಮಾಷೆಯೂ ಇದೆ. 1964ರಲ್ಲಿ ಅವನ ನೆನಪಿಗೆಂದು ಕ್ಯಾಥೆಡ್ರಲ್‌ನಲ್ಲಿ ಪುಟ್ಟ ಪ್ರತಿಮೆ ಇಟ್ಟರು. ಶಿಲ್ಪಿಗೆ ಕೊಟ್ಟ ಗುಂಪು ಫೋಟೋದಲ್ಲಿ ಆಳು ಅದಲುಬದಲಾಗಿ, ಡೈವರ್ ಉಡುಪಿನ ಮೇಲೆ ಇಂಜಿನಿಯರ್ ಮುಖ ಕೂತುಬಿಟ್ಟಿತು. ಸರಿಯಾದ ಮುಖದ ಪ್ರತಿಮೆ ಬಂದದ್ದು 2001ರಲ್ಲಿ. ತಪ್ಪು ತಪ್ಪೇ. ಆದರೂ ಪಂಪ್ ನಿಲ್ಲಿಸಿದವರ ಮುಖ ಅಷ್ಟು ವರ್ಷ ಅಲ್ಲಿದ್ದದ್ದು ನನಗಂತೂ ಪೂರ್ತಿ ಅನ್ಯಾಯ ಅನ್ನಿಸುವುದಿಲ್ಲ.

ಈ ಪ್ರಕರಣದಿಂದ ತೆಗೆದುಕೊಳ್ಳುವುದು

ಹಳೆಯ ದೇವಸ್ಥಾನವೋ ಚರ್ಚೋ ಮಸೀದಿಯೋ ಉಳಿಸುವ ಕೆಲಸದಲ್ಲಿರುವವರಿಗೆ ಇಲ್ಲಿ ಕಲಿಯಲು ಇರುವುದು ಡೈವರ್ ತರಿಸುವ ಉಪಾಯವಲ್ಲ. ನೀರನ್ನು ಅವರು ನೋಡಿದ ಬಗೆ. ಕೆಲಸಕ್ಕೆ ಅಡ್ಡಿಯಾದ ನೀರೇ ಆ ಹೊತ್ತಿಗೆ ನೆಲವನ್ನು ಹಿಡಿದು ನಿಲ್ಲಿಸಿತ್ತು. ಪೀಟ್ ಪದರದಿಂದ ನೀರು ಬಸಿದರೆ ಅದು ಇನ್ನಷ್ಟು ಕುಗ್ಗುತ್ತದೆ, ಸದಾ ಮುಳುಗಿದ್ದ ದಿಮ್ಮಿಗೆ ಗಾಳಿ ತಗುಲಿದರೆ ಕೊಳೆಯತೊಡಗುತ್ತದೆ. ಪಕ್ಕದಲ್ಲಿ ಕೊಳವೆಬಾವಿ ಕೊರೆಯುವಾಗ, ಹೊಸ ಚರಂಡಿ ತೋಡುವಾಗ, ಕಲ್ಯಾಣಿ ಬರಿದು ಮಾಡುವಾಗ ಹಳೆಯ ಗೋಡೆಯ ಪಾಯ ಯಾವ ಮಣ್ಣಿನ ಮೇಲಿದೆ, ನೀರಿನ ಮಟ್ಟ ಎಲ್ಲಿದೆ ಎಂದು ಒಮ್ಮೆ ನೋಡುವುದು ಕೊನೆಗೆ ಅಗ್ಗಕ್ಕೇ ಬೀಳುತ್ತದೆ.

ಕ್ರಮದ ಮಾತೂ ಇದೆ. ಮೇಲೆ ಆಸರೆ, ಗೋಡೆಯ ಒಳಗೆ ಸಿಮೆಂಟ್, ಆಮೇಲೆ ಸಣ್ಣ ಗುಂಡಿ, ತಳಕ್ಕೆ ಮುಚ್ಚಳ, ಕಡೆಗೆ ಪಂಪ್. ಈ ಕೆಲಸಗಳಲ್ಲಿ ಒಂದೂ ಹೊಸದಲ್ಲ. ಎರಡನ್ನು ಹಿಂದುಮುಂದು ಮಾಡಿದ್ದರೆ ಇವೇ ಕೆಲಸಗಳು ಕಟ್ಟಡವನ್ನು ಬೀಳಿಸುತ್ತಿದ್ದವು.

ಅವರು ನೀರನ್ನು ಗೆಲ್ಲಲೂ ಇಲ್ಲ. ನೆಲಮಾಳಿಗೆಗೆ ಈಗಲೂ ಚಳಿಗಾಲದಲ್ಲಿ ನೀರು ಬರುತ್ತದೆ, ಆಗ ಪ್ರವಾಸಿಗರು ಮೇಲಿನ ಕಟ್ಟೆಯಿಂದಲೇ ನೋಡಿ ಹೋಗಬೇಕು. ಭಾರವೆಲ್ಲ ಜಲ್ಲಿಗೆ ಇಳಿದಿರುವ ಕಡೆ ನೀರು ಬಂದು ಹೋದರೆ ಅಂಥ ನಷ್ಟವೇನಿಲ್ಲ.

ಇದೇ ದಾರಿ ಎಲ್ಲ ಕಡೆ ನಡೆಯುವುದೂ ಇಲ್ಲ. ವಿಂಚೆಸ್ಟರ್‌ನಲ್ಲಿ ಗಟ್ಟಿ ಜಲ್ಲಿ ಮನುಷ್ಯ ಇಳಿಯಬಹುದಾದ ಆಳದಲ್ಲೇ ಸಿಕ್ಕಿತು. ಮೆತ್ತನೆಯ ಪದರ ಇನ್ನೂ 20 ಮೀಟರ್ ಆಳಕ್ಕೆ ಹೋಗಿದ್ದರೆ ಚೀಲ ಇಟ್ಟು ಮುಚ್ಚುವುದು ಆಗುತ್ತಿರಲಿಲ್ಲ, ಅಲ್ಲಿ ಕೊರೆದು ಇಳಿಸುವ ಪೈಲ್‌ಗಳ, ಅಂದರೆ ಆಳದ ಗಟ್ಟಿ ಪದರದವರೆಗೆ ಹೋಗುವ ಕಂಬಗಳ ಬಗ್ಗೆ ಯೋಚಿಸಬೇಕಾಗುತ್ತದೆ. ಅದು ಗೊತ್ತಾಗುವುದು ಹೇಗೆ? ಅದಕ್ಕೂ ಮೊದಲು ಒಂದು ಪರೀಕ್ಷೆಯ ಗುಂಡಿ ತೋಡಲೇಬೇಕು.